ಜಪಾನಿನ ವಿದ್ಯಾರ್ಥಿಗಳಿಗೆ ಅಮೆರಿಕದ ಸಮಾಜವನ್ನು ಪರಿಚಯಿಸುವ ಬೇಸಿಗೆ ಅಧ್ಯಯನ: ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರತಿ ವರ್ಷ ಆಗಸ್ಟ್ ಮತ್ತು ಸೆಪ್ಟೆಂಬರ್ ತಿಂಗಳುಗಳಲ್ಲಿ ಜಪಾನಿನ ವಿಶ್ವವಿದ್ಯಾಲಯಗಳಿಂದ ಸಣ್ಣ ಸಣ್ಣ ಗುಂಪುಗಳು ಎರಡರಿಂದ ನಾಲ್ಕು ವಾರಗಳ ಅಧ್ಯಯನಕ್ಕೆಂದು ಕ್ಯಾಲಿಫೋರ್ನಿಯಾದ ಬೇ ಏರಿಯಾಕ್ಕೆ, ಎಂದರೆ ಸ್ಯಾನ್ ಫ್ರಾನ್ಸಿಸ್ಕೊ ಸುತ್ತಮುತ್ತಲಿನ ಊರುಗಳಿಗೆ, ಬರುತ್ತವೆ. ಅಂಥ ಗುಂಪುಗಳ ಪಾಠ, ಹೊರಗಿನ ಭೇಟಿ ಮತ್ತು ಆತಿಥೇಯ ಮನೆಗಳ ಏರ್ಪಾಡಿನಲ್ಲಿ ಹಲವು ಬೇಸಿಗೆಗಳಿಂದ ತೊಡಗಿಕೊಂಡಿರುವ ನನ್ನನ್ನು ಇಲ್ಲಿನ ಕನ್ನಡ ಕುಟುಂಬಗಳು, ಊರಿನ ನೆಂಟರು, ಅಧ್ಯಾಪಕ ಮಿತ್ರರು ಮತ್ತು ಆ ವಿದ್ಯಾರ್ಥಿಗಳೇ ಮತ್ತೆ ಮತ್ತೆ ಕೇಳಿರುವ ಪ್ರಶ್ನೆಗಳನ್ನು ಅವರವರ ಮಾತಿನಲ್ಲಿಯೇ ಇಲ್ಲಿ ಕೊಟ್ಟು ಉತ್ತರಿಸಿದ್ದೇನೆ.

## ಮೊದಲ ಪರಿಚಯ

ಇದು ಇಂಗ್ಲಿಷ್ ಕಲಿಸೋ ಕ್ಲಾಸೇ ತಾನೆ? ಬೇರೆ ಏನಿದೆ ಇದರಲ್ಲಿ?

ಇಂಗ್ಲಿಷ್ ಇದರ ಒಂದು ಭಾಗ ಮಾತ್ರ. ಬೆಳಗಿನ ಹೊತ್ತು ಭಾಷೆ ಮತ್ತು ಚರ್ಚೆಯ ತರಗತಿ ನಡೆಯುತ್ತದೆ. ಮಧ್ಯಾಹ್ನ ಶಾಲೆ, ಆಹಾರ ಬ್ಯಾಂಕು, ನ್ಯಾಯಾಲಯ, ವಸ್ತುಸಂಗ್ರಹಾಲಯ, ಸಣ್ಣ ಕಂಪನಿ ಮುಂತಾದ ಕಡೆಗಳಿಗೆ ಹೋಗಿ ಅಲ್ಲಿನವರನ್ನು ಮಾತನಾಡಿಸುವ ಕೆಲಸವಿರುತ್ತದೆ. ಸಂಜೆಯ ನಂತರ ಮತ್ತು ವಾರಾಂತ್ಯದಲ್ಲಿ ವಿದ್ಯಾರ್ಥಿಗಳು ಆತಿಥೇಯ ಕುಟುಂಬದ ಜೊತೆ ಇರುತ್ತಾರೆ. ಮೂರು ವಾರದಲ್ಲಿ ಯಾರ ಇಂಗ್ಲಿಷೂ ಹೇಳಿಕೊಳ್ಳುವಷ್ಟು ಸುಧಾರಿಸುವುದಿಲ್ಲ, ಸುಧಾರಿಸುತ್ತದೆ ಎಂದು ಆಸೆ ತೋರಿಸುವ ಜಾಹೀರಾತುಗಳನ್ನು ನಂಬಬಾರದು. ಅಪರಿಚಿತ ಸಮಾಜವೊಂದರ ಬಗ್ಗೆ ಸರಿಯಾದ ಪ್ರಶ್ನೆಯನ್ನು, ಸರಿಯಾದ ವ್ಯಕ್ತಿಗೆ, ಮುಖ ನೋಡಿ ಕೇಳುವುದನ್ನು ಮಾತ್ರ ಅಷ್ಟು ಸಮಯದಲ್ಲಿ ಖಂಡಿತವಾಗಿ ಕಲಿಯಬಹುದು. ಕಾರ್ಯಕ್ರಮದ ಪ್ರತಿಯೊಂದು ಅಂಶವನ್ನೂ ನಾನು ಈ ಒಂದು ಅಳತೆಯಿಂದಲೇ ನೋಡುತ್ತೇನೆ.

ಆಗಸ್ಟಿನಲ್ಲಿ ಇಲ್ಲಿನ ಕಾಲೇಜುಗಳೆಲ್ಲ ಖಾಲಿ. ಅಮೆರಿಕದ ಹುಡುಗರೇ ಇಲ್ಲದಾಗ ಯಾಕೆ ಬರ್ತಾರೆ?

ಜಪಾನಿನಲ್ಲಿ ಶೈಕ್ಷಣಿಕ ವರ್ಷ ಏಪ್ರಿಲ್‌ನಲ್ಲಿ ಆರಂಭವಾಗುತ್ತದೆ. ಮೊದಲ ಅವಧಿಯ ಪರೀಕ್ಷೆಗಳು ಜುಲೈ ಕೊನೆಗೋ ಆಗಸ್ಟ್ ಮೊದಲ ವಾರಕ್ಕೋ ಮುಗಿದು, ಸೆಪ್ಟೆಂಬರ್ ಉದ್ದಕ್ಕೂ ರಜೆ ಇರುವುದರಿಂದ ಅವರಿಗೆ ಬಿಡುವಾಗುವುದೇ ಆಗ. ಅಮೆರಿಕದಲ್ಲಿ ಸೆಮಿಸ್ಟರ್ ಪದ್ಧತಿಯ ಕಾಲೇಜುಗಳು ಆಗಸ್ಟ್ ಕೊನೆಯಲ್ಲಿ ತೆರೆಯುತ್ತವೆ. ವರ್ಷವನ್ನು ನಾಲ್ಕು ಅವಧಿಗಳಾಗಿ ಹಂಚುವ ಕ್ವಾರ್ಟರ್ ಪದ್ಧತಿಯವು ಸೆಪ್ಟೆಂಬರ್ ಕೊನೆಯವರೆಗೂ ಮುಚ್ಚಿರುತ್ತವೆ. ಹೀಗಾಗಿ ಗುಂಪು ಬಂದಿಳಿದಾಗ ಹಾಸ್ಟೆಲ್ ಕೋಣೆಗಳೂ ತರಗತಿಗಳೂ ಸುಲಭವಾಗಿ ಸಿಗುತ್ತವೆ, ಮಾತನಾಡಲು ಜೊತೆಗಾರರು ಮಾತ್ರ ಸಿಗುವುದಿಲ್ಲ. ಬೇಸಿಗೆಯಲ್ಲಿ ಊರಿನಲ್ಲೇ ಉಳಿದಿರುವ ಸ್ಥಳೀಯ ವಿದ್ಯಾರ್ಥಿಗಳನ್ನು ಸಂಭಾಷಣೆಯ ಸಂಗಾತಿಗಳಾಗಿ ಮೊದಲೇ ಗೊತ್ತುಮಾಡಿಕೊಳ್ಳದಿದ್ದರೆ ಜಪಾನಿ ಮಕ್ಕಳು ದಿನವಿಡೀ ತಮ್ಮತಮ್ಮಲ್ಲೇ ಜಪಾನಿಯಲ್ಲಿ ಮಾತನಾಡಿಕೊಂಡು ಹಿಂದಿರುಗುತ್ತಾರೆ. ಕಾರ್ಯಕ್ರಮ ಆಯ್ದುಕೊಳ್ಳುವವರು ಮೊದಲು ಕೇಳಬೇಕಾದದ್ದು ಇದನ್ನೇ: ಸ್ಥಳೀಯ ಸಂಗಾತಿಗಳು ಎಷ್ಟು ಜನ, ವಾರಕ್ಕೆ ಎಷ್ಟು ಗಂಟೆ?

ಮೂರು ವಾರಕ್ಕೆ ಇಷ್ಟು ದುಡ್ಡು ಸುರಿಯೋದಕ್ಕಿಂತ ಒಂದು ವರ್ಷ ಬಂದು ಓದೋದು ವಾಸಿ ಅಲ್ವಾ?

ವಾಸಿಯೇ, ಆದರೆ ಹೆಚ್ಚಿನವರಿಗೆ ಅದು ಕೈಗೆಟುಕುವುದಿಲ್ಲ. 2011ರಲ್ಲಿ ಒಂದು ಡಾಲರಿಗೆ 80 ಯೆನ್ ಕೂಡ ಇರಲಿಲ್ಲ. 2024ರ ಬೇಸಿಗೆಯಲ್ಲಿ ಅದು 160ರ ಆಸುಪಾಸಿಗೆ ಹೋಯಿತು. ಶುಲ್ಕ ಡಾಲರಿನಲ್ಲಿ ಏರದೆ ನಿಂತಿದ್ದರೂ ಜಪಾನಿನ ತಂದೆತಾಯಿಯರ ಪಾಲಿಗೆ ಅದು ಎರಡರಷ್ಟಾಗಿದೆ. ಜೊತೆಗೆ ಅಲ್ಲಿ ಉದ್ಯೋಗದ ಹುಡುಕಾಟ ಮೂರನೆಯ ವರ್ಷದ ಬೇಸಿಗೆಯ ಇಂಟರ್ನ್‌ಶಿಪ್‌ನಿಂದಲೇ ಶುರುವಾಗುವುದರಿಂದ, ಒಂದು ವರ್ಷ ಹೊರಗಿದ್ದರೆ ಜೊತೆಯವರಿಗಿಂತ ಹಿಂದೆ ಬೀಳುತ್ತೇವೆಂಬ ಭಯವಿದೆ; ಈ ಗುಂಪುಗಳಲ್ಲಿ ಬಹುಪಾಲು ಮೊದಲ ಮತ್ತು ಎರಡನೆಯ ವರ್ಷದವರೇ ಇರುವುದು ಅದಕ್ಕಾಗಿಯೇ. ಅಮೆರಿಕದ ಕಾಲೇಜುಗಳಲ್ಲಿ 1997-98ರಲ್ಲಿ ಸುಮಾರು 47 ಸಾವಿರ ಜಪಾನಿ ವಿದ್ಯಾರ್ಥಿಗಳಿದ್ದರು, 2023-24ರಲ್ಲಿ ಇದ್ದವರು ಸುಮಾರು 14 ಸಾವಿರ. ಇನ್ನೊಂದೆಡೆ, ಕೋವಿಡ್‌ಗೆ ಮುಂಚಿನ 2018ರಲ್ಲಿ ಜಪಾನಿನಿಂದ ಓದಿಗೆಂದು ವಿದೇಶಗಳಿಗೆ ಹೋದ 1 ಲಕ್ಷ 15 ಸಾವಿರ ವಿದ್ಯಾರ್ಥಿಗಳಲ್ಲಿ ಸುಮಾರು ಮೂರನೆಯ ಎರಡು ಪಾಲು ಒಂದು ತಿಂಗಳಿಗಿಂತ ಕಡಿಮೆ ಅವಧಿಗೆ ಹೋದವರು. ಅವರಲ್ಲಿ ಎಷ್ಟೋ ಜನರ ಪಾಲಿಗೆ ವಿದ್ಯಾರ್ಥಿ ಜೀವನದಲ್ಲಿ ಹೊರದೇಶವೆಂದರೆ ಈ ಕೆಲವು ವಾರಗಳು ಮಾತ್ರ. ಆದ್ದರಿಂದ ಇದನ್ನು ಪ್ರವಾಸದಂತೆ ಹಗುರವಾಗಿ ನಡೆಸುವ ಹಕ್ಕು ನಮಗಿಲ್ಲ.

ಇಂಥ ಕಾರ್ಯಕ್ರಮ ಈಚೆಗೆ ಶುರುವಾದದ್ದಾ?

ಅಲ್ಲ. 1931ರಲ್ಲಿ ಜಪಾನಿ ಸೇನೆ ಚೀನಾದ ಮಂಚೂರಿಯಾವನ್ನು ಆಕ್ರಮಿಸಿದ ನಂತರ ಎರಡು ದೇಶಗಳ ಸಂಬಂಧ ಕೆಡುತ್ತಾ ಹೋದಾಗ ಜಪಾನಿನ ಕೆಲವು ವಿದ್ಯಾರ್ಥಿಗಳು ತಾವೇ ಮುಂದಾಗಿ ಅಮೆರಿಕದ ವಿದ್ಯಾರ್ಥಿಗಳನ್ನು ಆಹ್ವಾನಿಸಿ, 1934ರಲ್ಲಿ ಟೋಕಿಯೋದ ಆವೊಯಾಮಾ ಗಾಕುಯಿನ್‌ನಲ್ಲಿ ಜಪಾನ್-ಅಮೆರಿಕ ವಿದ್ಯಾರ್ಥಿ ಸಮ್ಮೇಳನವನ್ನು ನಡೆಸಿದರು. ಮರುವರ್ಷ ಅದು ಓರೆಗಾನ್‌ನ ಪೋರ್ಟ್‌ಲ್ಯಾಂಡಿನ ರೀಡ್ ಕಾಲೇಜಿನಲ್ಲಿ ಸೇರಿತು. 1940ರ ನಂತರ ಯುದ್ಧದಿಂದಾಗಿ ನಿಂತು, 1947ರಲ್ಲಿ ಮತ್ತೆ ಆರಂಭವಾಗಿ, ನಡುವೆ ಮತ್ತೊಮ್ಮೆ ಕೆಲವು ವರ್ಷ ನಿಂತರೂ ಇಂದಿಗೂ ನಡೆಯುತ್ತಿದೆ. ಮುಂದೆ ಜಪಾನಿನ ಪ್ರಧಾನಿಯಾದ ಕಿಇಚಿ ಮಿಯಾಜಾವಾ 1939ರಲ್ಲಿ, ಮುಂದೆ ಅಮೆರಿಕದ ವಿದೇಶಾಂಗ ಸಚಿವರಾದ ಹೆನ್ರಿ ಕಿಸಿಂಜರ್ 1951ರಲ್ಲಿ ಇದರಲ್ಲಿ ಪಾಲ್ಗೊಂಡವರು. ಇಂದಿನ ಬೇಸಿಗೆ ಅಧ್ಯಯನಗಳಲ್ಲಿ ಬಹುತೇಕ ಏರ್ಪಾಡನ್ನು ಹಿರಿಯರೇ ಮಾಡುತ್ತಾರೆ. ಆ ಸಮ್ಮೇಳನವನ್ನು ಕಟ್ಟಿದವರೂ ನಡೆಸುವವರೂ ವಿದ್ಯಾರ್ಥಿಗಳೇ.

## ವೀಸಾ, ಮನೆ, ದುಡ್ಡು

ಬರೀ ಮೂರು ವಾರಕ್ಕೂ ಸ್ಟೂಡೆಂಟ್ ವೀಸಾ ಬೇಕಾ?

ಜಪಾನ್ ವೀಸಾ ವಿನಾಯಿತಿ ಪಡೆದಿರುವ ದೇಶ. ಅಲ್ಲಿನ ಪ್ರಜೆಗಳು ಆನ್‌ಲೈನ್ ಅನುಮತಿ ಪಡೆದು 90 ದಿನಗಳವರೆಗೆ ಪ್ರವಾಸಿಗರಾಗಿ ಬರಬಹುದು. ಆದರೆ ತರಗತಿ ವಾರಕ್ಕೆ 18 ಗಂಟೆ ಅಥವಾ ಅದಕ್ಕಿಂತ ಹೆಚ್ಚಾಗಿದ್ದರೆ, ಇಲ್ಲವೇ ಪದವಿಗೆ ಸೇರುವ ಕ್ರೆಡಿಟ್ ದೊರೆಯುವುದಾದರೆ ವಿದ್ಯಾರ್ಥಿ ವೀಸಾ ಬೇಕು. ಆಗ ಸಂಸ್ಥೆಯಿಂದ ಪ್ರವೇಶವನ್ನು ದೃಢಪಡಿಸುವ ಐ-20 ಪತ್ರ, ವಿದೇಶಿ ವಿದ್ಯಾರ್ಥಿಗಳ ಸರ್ಕಾರಿ ದಾಖಲೆಗಾಗಿ ತೆರುವ 350 ಡಾಲರಿನ ಸೆವಿಸ್ ಶುಲ್ಕ, ವೀಸಾ ಶುಲ್ಕ ಮತ್ತು ಸಂದರ್ಶನ ಎಲ್ಲವೂ ಸೇರಿಕೊಳ್ಳುತ್ತವೆ. ಗಂಟೆಗಳ ಲೆಕ್ಕವನ್ನು ವೇಳಾಪಟ್ಟಿ ಬರೆಯುವ ಹಂತದಲ್ಲೇ ಮಾಡಬೇಕು. ನಿಯಮಗಳು ಬದಲಾಗುತ್ತಿರುವುದರಿಂದ ರಾಯಭಾರ ಕಚೇರಿಯ ಜಾಲತಾಣವನ್ನು ಆ ವರ್ಷವೇ ನೋಡಿಕೊಳ್ಳುವುದು ಕ್ಷೇಮ.

ನಾವು ಮನೇಲಿ ಕನ್ನಡ ಮಾತಾಡೋರು, ಸಾರು-ಪಲ್ಯ ತಿನ್ನೋರು. ಅಮೆರಿಕ ನೋಡೋಕೆ ಬಂದ ಮಗುವನ್ನ ನಮ್ಮನೇಲಿ ಇಟ್ಕೊಂಡರೆ ಮೋಸ ಮಾಡಿದ ಹಾಗಾಗಲ್ವಾ?

ಕನ್ನಡ ಕುಟುಂಬಗಳು ಅತಿ ಹೆಚ್ಚಾಗಿ ಕೇಳುವ ಈ ಪ್ರಶ್ನೆಯ ಹಿಂದಿನ ಸಂಕೋಚ ನನಗೆ ಅರ್ಥವಾಗುತ್ತದೆ, ಆದರೆ ಅದಕ್ಕೆ ಆಧಾರವಿಲ್ಲ. ವಿದ್ಯಾರ್ಥಿಗಳಲ್ಲಿ ಕೆಲವರು ಸಿನಿಮಾದಲ್ಲಿ ಕಂಡ ಬಿಳಿಯ ಕುಟುಂಬವನ್ನು ಮನಸ್ಸಿನಲ್ಲಿಟ್ಟುಕೊಂಡು ಬರುತ್ತಾರೆ, ಮೊದಲ ದಿನ ಅವರ ಮುಖದಲ್ಲಿ ಗಲಿಬಿಲಿಯೂ ಕಾಣಬಹುದು. ಆದರೆ ಇಂದಿನ ಬೇ ಏರಿಯಾದಲ್ಲಿ ಫಿಲಿಪಿನೋ, ಮೆಕ್ಸಿಕನ್, ಚೀನೀ, ಭಾರತೀಯ ಮನೆಗಳಿಲ್ಲದ ಬೀದಿಯನ್ನು ಹುಡುಕುವುದು ಕಷ್ಟ. ದೇಶವಾರು ಹಳೆಯ ಕೋಟಾವನ್ನು ತೆಗೆದುಹಾಕಿದ 1965ರ ವಲಸೆ ಕಾನೂನಿನ ಫಲವಾಗಿ ಬಂದು ನೆಲೆಸಿದ ಕುಟುಂಬಗಳೇ ಈ ಸಮಾಜದ ದೊಡ್ಡ ಭಾಗವಾಗಿವೆ. ಅಜ್ಜಿ ಮೈಸೂರಿನಿಂದ ವಿಡಿಯೋ ಕರೆ ಮಾಡುವಾಗ ಮೊಮ್ಮಗಳು ಇಂಗ್ಲಿಷಿನಲ್ಲಿ ಉತ್ತರಿಸುವುದು, ಪ್ರೌಢಶಾಲೆಯ ಹುಡುಗ ಶನಿವಾರ ಬೆಳಿಗ್ಗೆ ಫುಟ್‌ಬಾಲಿಗೂ ಮಧ್ಯಾಹ್ನ ಮೃದಂಗದ ಪಾಠಕ್ಕೂ ಓಡುವುದು, ಗ್ರೀನ್ ಕಾರ್ಡಿನ ಸರದಿಗಾಗಿ ವರ್ಷಗಟ್ಟಲೆ ಕಾಯುವುದು ಇವೆಲ್ಲ ಅಮೆರಿಕದ ಬದುಕೇ. ನೀವು ಮಾಡಬೇಕಾದದ್ದು ಒಂದೇ: ಆ ಮಗುವಿಗಾಗಿ ವಿಶೇಷ ನಾಟಕವನ್ನೇನೂ ಹೂಡದೆ, ನೀವು ಬಂದ ದಾರಿಯನ್ನು ಕೇಳಿದರೆ ಬಿಚ್ಚುಮನಸ್ಸಿನಿಂದ ಹೇಳುವುದು.

ಹಾಕಿದ್ದನ್ನೆಲ್ಲ ತಿಂದುಬಿಡುತ್ತೆ ಪಾಪ, ಸಾಕು ಅನ್ನೋದೇ ಇಲ್ಲ. ಇಷ್ಟವಾಯ್ತೋ ಇಲ್ವೋ ಹೇಗೆ ತಿಳ್ಕೊಳ್ಳೋದು?

ಎರಡು ಮರ್ಯಾದೆಗಳು ಎದುರಾದಾಗ ಹೀಗಾಗುತ್ತದೆ. ಜಪಾನಿನಲ್ಲಿ ಬಟ್ಟಲಿನಲ್ಲಿ ಅನ್ನ ಉಳಿಸುವುದು ಅಗೌರವ. ನಮ್ಮಲ್ಲಿ ಅತಿಥಿಯ ತಟ್ಟೆ ಖಾಲಿಯಾದರೆ ಬಡಿಸದೆ ಕುಳಿತುಕೊಳ್ಳುವುದು ಅಗೌರವ. ವಿದ್ಯಾರ್ಥಿನಿ ಉಳಿಸಬಾರದೆಂದು ಮುಗಿಸುತ್ತಾಳೆ, ನೀವು ಖಾಲಿಯಾಯಿತೆಂದು ಬಡಿಸುತ್ತೀರಿ, ಅವಳು ಮತ್ತೆ ಕಷ್ಟಪಟ್ಟು ಮುಗಿಸುತ್ತಾಳೆ. ನಾನು ಕಂಡ ಒಂದು ಮನೆಯಲ್ಲಿ ಮೂರನೆಯ ಸಲ ಬಡಿಸಿದ ಬಿಸಿಬೇಳೆ ಭಾತನ್ನು ಹುಡುಗಿಯೊಬ್ಬಳು ಕಣ್ಣಲ್ಲಿ ನೀರು ತುಂಬಿಕೊಂಡು ತಿನ್ನುತ್ತಿದ್ದಳು. ಮನೆಯೊಡತಿ ಖಾರ ಹೆಚ್ಚಾಯಿತೆಂದು ತುಪ್ಪ ಹಾಕುತ್ತಿದ್ದರು. ಮೊದಲ ದಿನವೇ ಪಾತ್ರೆಗಳನ್ನು ಮೇಜಿನ ಮೇಲಿಟ್ಟು ಅವರೇ ಬಡಿಸಿಕೊಳ್ಳುವಂತೆ ಮಾಡಿದರೆ ತೊಂದರೆ ಅರ್ಧ ತೀರುತ್ತದೆ. "ಇಷ್ಟವಾಯಿತೇ" ಎಂದು ಕೇಳಿದರೆ ಹೌದೆಂಬ ಉತ್ತರವೇ ಬರುತ್ತದೆ. "ನಾಳೆ ದೋಸೆ ಮಾಡಲೋ, ಚಪಾತಿ ಮಾಡಲೋ" ಎಂದು ಆಯ್ಕೆ ಕೊಟ್ಟರೆ ನಿಜ ತಿಳಿಯುತ್ತದೆ. ಗೋಡಂಬಿ, ಕಡಲೇಕಾಯಿ ಒಗ್ಗುತ್ತವೆಯೇ ಎಂಬುದನ್ನು ಮಾತ್ರ ಬರುವ ಮುಂಚೆಯೇ ಬರವಣಿಗೆಯಲ್ಲಿ ಕೇಳಿಕೊಳ್ಳಬೇಕು.

ಸಸ್ಯಾಹಾರಿ ಮನೆಯವರಿಗೆ ಇನ್ನೊಂದು ಮಾತು. ವಿದ್ಯಾರ್ಥಿಗಳು ಕೃತಜ್ಞತೆಯಿಂದ ಒಂದು ದಿನ ತಮ್ಮ ಅಡುಗೆ ಮಾಡಿ ಬಡಿಸಲು ಬಯಸುತ್ತಾರೆ. ಮಿಸೋ ಸಾರಿಗೆ ಅವರು ಬಳಸುವ ದಾಶಿ ಸಾಮಾನ್ಯವಾಗಿ ಒಣಮೀನಿನಿಂದ ತೆಗೆದದ್ದಾಗಿರುತ್ತದೆ, ಅದು ಮಾಂಸವೆಂದು ಅವರಿಗೆ ಹೊಳೆಯುವುದಿಲ್ಲ. ಕೊಂಬು ಎಂಬ ಕಡಲಪಾಚಿ ಮತ್ತು ಒಣಗಿದ ಶಿಟಾಕೆ ಅಣಬೆಯಿಂದಲೂ ದಾಶಿ ಮಾಡಬಹುದೆಂದು ಮೊದಲೇ ಹೇಳಿದರೆ ಯಾರಿಗೂ ಮುಜುಗರವಾಗುವುದಿಲ್ಲ.

ಮೆನುವಿನಲ್ಲಿ 20 ಡಾಲರ್ ಅಂತಿತ್ತು, 25ಕ್ಕಿಂತ ಜಾಸ್ತಿ ಕೊಡಬೇಕಾಯ್ತು. ನನಗೆ ಮೋಸ ಆಯ್ತಾ?

ಮೋಸವಾಗಿಲ್ಲ. ಜಪಾನಿನಲ್ಲಿ ಗ್ರಾಹಕರಿಗೆ ತೋರಿಸುವ ಬೆಲೆಯಲ್ಲಿ ತೆರಿಗೆ ಸೇರಿರಲೇಬೇಕೆಂಬ ನಿಯಮ 2021ರ ಏಪ್ರಿಲ್‌ನಿಂದ ಕಡ್ಡಾಯವಾಗಿದೆ, ಟಿಪ್ ಕೊಡುವ ರೂಢಿ ಅಲ್ಲಿಲ್ಲ. ಇಲ್ಲಿ ಮೆನುವಿನ 20 ಡಾಲರಿಗೆ ಸ್ಯಾನ್ ಫ್ರಾನ್ಸಿಸ್ಕೊದ ಮಾರಾಟ ತೆರಿಗೆ ಸುಮಾರು ಒಂದು ಮುಕ್ಕಾಲು ಡಾಲರ್ ಸೇರುತ್ತದೆ. ಮೇಜಿಗೆ ತಂದು ಬಡಿಸುವ ಹೋಟೆಲಾದರೆ ಶೇಕಡ 18ರಿಂದ 20ರಷ್ಟು ಟಿಪ್ ಸೇರಿ 25 ಡಾಲರ್ ದಾಟುತ್ತದೆ. ಬಿಲ್ಲಿನಲ್ಲಿ ಸೇವಾ ಶುಲ್ಕವನ್ನು ಮೊದಲೇ ಹಾಕಿದ್ದಾರೆಯೇ ಎಂದು ನೋಡಿ, ಹಾಕಿದ್ದರೆ ಮತ್ತೆ ಕೊಡಬೇಕಿಲ್ಲ.

ನನಗೆ ಇಪ್ಪತ್ತು ವರ್ಷ ತುಂಬಿದೆ, ಜಪಾನಿನಲ್ಲಿ ಬಿಯರ್ ಕುಡಿಯಬಹುದು. ಇಲ್ಲಿ ಯಾಕೆ ಬೇಡ ಅಂತೀರಿ?

ಇಲ್ಲಿ 21 ತುಂಬಿರಬೇಕು. ಜಪಾನಿನಲ್ಲಿ ವಯಸ್ಕರಾಗುವ ವಯಸ್ಸನ್ನು 2022ರಲ್ಲಿ 18ಕ್ಕೆ ಇಳಿಸಿದರೂ ಮದ್ಯಕ್ಕೆ 20 ವರ್ಷವೇ ಉಳಿದಿದೆ, ಹಾಗಾಗಿ ಈ ಗೊಂದಲ ಸಹಜ. ಆತಿಥೇಯರು ಪ್ರೀತಿಯಿಂದ ಕೊಟ್ಟರೂ ಬೇಡವೆನ್ನಬೇಕು, ಆತಿಥೇಯರು ಕೊಡಲೂಬಾರದು.

ಬಂದೂಕಿನ ಸುದ್ದಿ ಕೇಳಿ ಮನೆಯವರು ಹೆದರಿದ್ದಾರೆ. ಅವರಿಗೆ ಏನು ಹೇಳಲಿ?

ಹೆದರಿಕೆಯನ್ನು ಹಗುರ ಮಾಡುವ ಮಾತು ಹೇಳಬೇಡಿ, ಏಕೆಂದರೆ ಜಪಾನಿನ ತಂದೆತಾಯಿಯರಿಗೆ ಅದಕ್ಕೆ ಕಾರಣವಿದೆ. 1992ರ ಅಕ್ಟೋಬರಿನಲ್ಲಿ ಲೂಸಿಯಾನಾದ ಬ್ಯಾಟನ್ ರೂಜ್‌ನಲ್ಲಿ 16 ವರ್ಷದ ಜಪಾನಿ ವಿನಿಮಯ ವಿದ್ಯಾರ್ಥಿಯೊಬ್ಬ ಹ್ಯಾಲೊವೀನ್ ಪಾರ್ಟಿಗೆ ಹೋಗುವಾಗ ತಪ್ಪಿ ಬೇರೆ ಮನೆಯ ಬಾಗಿಲಿಗೆ ಹೋದ, ಅಲ್ಲಿಯೇ ನಿಲ್ಲೆಂದು ಮನೆಯವನು ಕೂಗಿದ್ದು ಅವನಿಗೆ ಅರ್ಥವಾಗಲಿಲ್ಲ, ಗುಂಡೇಟಿಗೆ ಸತ್ತ. ಕ್ರಿಮಿನಲ್ ವಿಚಾರಣೆಯಲ್ಲಿ ಗುಂಡು ಹಾರಿಸಿದವನು ಖುಲಾಸೆಯಾದ. ಹುಡುಗನ ತಂದೆತಾಯಿ ಬಂದೂಕು ನಿಯಂತ್ರಣಕ್ಕಾಗಿ ಜಪಾನಿನಲ್ಲಿ ಲಕ್ಷಾಂತರ ಸಹಿ ಸಂಗ್ರಹಿಸಿ ಅಧ್ಯಕ್ಷ ಕ್ಲಿಂಟನ್ ಅವರಿಗೆ ತಲುಪಿಸಿದರು. ನಾನು ಈ ಘಟನೆಯನ್ನು ಮೊದಲ ದಿನವೇ ಮುಚ್ಚಿಡದೆ ಹೇಳಿ, ಅದರ ಜೊತೆಗೇ ಕೆಲವು ಪಾಠಗಳನ್ನು ಅಭ್ಯಾಸ ಮಾಡಿಸುತ್ತೇನೆ: ಅಪರಿಚಿತರ ಅಂಗಳಕ್ಕೆ ಕಾಲಿಡಬಾರದು; ನಿಲ್ಲು, ಹಿಂದೆ ಸರಿ, ಕೈ ತೋರಿಸು ಎಂಬರ್ಥದ ಕೂಗುಗಳನ್ನು ಕಿವಿಗೆ ಪರಿಚಯ ಮಾಡಿಕೊಳ್ಳಬೇಕು; ಪೊಲೀಸ್, ಆಂಬುಲೆನ್ಸ್, ಅಗ್ನಿಶಾಮಕ ಮೂರಕ್ಕೂ ಇಲ್ಲಿ 911 ಒಂದೇ ಸಂಖ್ಯೆ, ಜಪಾನಿನಲ್ಲಿರುವಂತೆ 110 ಮತ್ತು 119 ಎಂದು ಬೇರೆಬೇರೆ ಅಲ್ಲ. ಊಟದ ಮೇಜಿನ ಮೇಲೆ ಫೋನಿಟ್ಟು ಜಾಗ ಕಾದಿರಿಸಿ ಎದ್ದುಹೋಗುವ ಜಪಾನಿನ ಅಭ್ಯಾಸವನ್ನು ವಿಮಾನದಲ್ಲೇ ಬಿಟ್ಟು ಬರಬೇಕು.

## ತರಗತಿ ಮತ್ತು ಹೊರಗಿನ ಭೇಟಿ

ಆರು ವರ್ಷ ಇಂಗ್ಲಿಷ್ ಓದಿದ್ದಾರೆ, ಆದರೂ ಕ್ಲಾಸಿನಲ್ಲಿ ಬಾಯೇ ಬಿಡಲ್ಲ. ಏನು ಮಾಡೋದು?

ಅವರ ಮೌನವನ್ನು ಅಜ್ಞಾನವೆಂದು ತಿಳಿಯುವ ಅಧ್ಯಾಪಕರು ಮೊದಲ ವಾರವನ್ನು ಹಾಳುಮಾಡಿಕೊಳ್ಳುತ್ತಾರೆ. ಪ್ರವೇಶ ಪರೀಕ್ಷೆಗಳಿಗಾಗಿ ಓದು ಮತ್ತು ವ್ಯಾಕರಣದಲ್ಲಿ ಪಳಗಿದ ಈ ಮಕ್ಕಳು ಕಠಿಣ ಲೇಖನವನ್ನೂ ಓದಿ ತಿಳಿದುಕೊಳ್ಳಬಲ್ಲರು. ಇಡೀ ತರಗತಿಯ ಎದುರು, ಯೋಚಿಸದೆ, ತಪ್ಪಾಗಬಹುದಾದ ವಾಕ್ಯವನ್ನು ಗಟ್ಟಿಯಾಗಿ ಹೇಳುವುದು ಅವರಿಗೆ ಅಭ್ಯಾಸವಿಲ್ಲ. ಪ್ರಶ್ನೆಯನ್ನು ಹಿಂದಿನ ಸಂಜೆಯೇ ಕೊಟ್ಟು, ಬೆಳಿಗ್ಗೆ ಐದು ನಿಮಿಷ ಬರೆಸಿ, ಇಬ್ಬಿಬ್ಬರಾಗಿ ಮಾತನಾಡಲು ಬಿಟ್ಟು, ಜೊತೆಗಾರ ಹೇಳಿದ್ದನ್ನು ಎಲ್ಲರಿಗೂ ತಿಳಿಸಲು ಹೇಳಿದರೆ ಬಾಯಿ ತೆರೆಯುತ್ತದೆ. ಸ್ವಂತ ಅಭಿಪ್ರಾಯಕ್ಕಿಂತ ಗೆಳೆಯನದನ್ನು ಹೇಳುವುದು ಸುಲಭ. ಅಮೆರಿಕದ ಸಂಗಾತಿಗಳಿಗೂ ತರಬೇತಿ ಬೇಕು: ಪ್ರಶ್ನೆ ಕೇಳಿ ಎರಡು ಕ್ಷಣಕ್ಕೇ ತಾವೇ ಉತ್ತರ ತುಂಬುವ ಆತುರವನ್ನು ಅವರು ತಡೆದುಕೊಳ್ಳಬೇಕು. ಮತ್ತೊಂದು, ಜಪಾನಿ ವಿದ್ಯಾರ್ಥಿ ತಲೆಯಾಡಿಸಿದರೆ ಕೇಳುತ್ತಿದ್ದೇನೆ ಎಂದರ್ಥವೇ ಹೊರತು ಒಪ್ಪಿದೆ, ಅರ್ಥವಾಯಿತು ಎಂದಲ್ಲ.

ಗೋಲ್ಡನ್ ಗೇಟ್, ಗೂಗಲ್ ಆಫೀಸು ತೋರಿಸಿದರೆ ಸಾಲದಾ? ಇನ್ನೆಲ್ಲಿಗೆ ಕರೆದುಕೊಂಡು ಹೋಗಬೇಕು?

ಸೇತುವೆಗೆ ಅವರು ವಾರಾಂತ್ಯದಲ್ಲಿ ತಾವೇ ಹೋಗಿಬರುತ್ತಾರೆ. ಕಂಪನಿಗಳ ಭೇಟಿಯಲ್ಲಿ ಸಿಗುವುದು ಉಡುಗೊರೆ ಅಂಗಡಿ ಮತ್ತು ಸ್ವಾಗತದ ಭಾಷಣ. ನನ್ನ ಮೊದಲ ಆಯ್ಕೆ ನಗರಸಭೆಯ ಕಲಾಪ. 1953ರ ಬ್ರೌನ್ ಕಾಯ್ದೆಯ ಪ್ರಕಾರ ಕ್ಯಾಲಿಫೋರ್ನಿಯಾದ ಸ್ಥಳೀಯ ಸಂಸ್ಥೆಗಳು ಬಾಗಿಲು ತೆರೆದೇ ಸಭೆ ನಡೆಸಬೇಕು, ಸಾಮಾನ್ಯ ಸಭೆಯ ಕಾರ್ಯಸೂಚಿಯನ್ನು 72 ಗಂಟೆ ಮುಂಚೆ ಪ್ರಕಟಿಸಬೇಕು, ಸಾರ್ವಜನಿಕರಿಗೆ ಮಾತನಾಡಲು ಅವಕಾಶ ಕೊಡಬೇಕು. ಒಂದು ಸಂಜೆ ನಮ್ಮ ಗುಂಪು ಹಿಂದಿನ ಸಾಲಿನಲ್ಲಿ ಕುಳಿತಿದ್ದಾಗ, ಊರುಗೋಲು ಹಿಡಿದ ಮುದುಕಿಯೊಬ್ಬರು ಮೈಕಿನ ಮುಂದೆ ನಿಂತು, ಹಸಿರು ದೀಪ ಕೆಂಪಾಗುವವರೆಗೆ, ತಮ್ಮ ಬೀದಿಯ ಬಸ್ ನಿಲ್ದಾಣದ ಬೆಂಚನ್ನು ತೆಗೆದುಹಾಕಿದ್ದಕ್ಕಾಗಿ ಮೇಯರನ್ನು ಹೆಸರು ಹಿಡಿದು ತರಾಟೆಗೆ ತೆಗೆದುಕೊಂಡರು. ಮೇಯರ್ ಧನ್ಯವಾದ ಹೇಳಿ ಮುಂದಿನವರನ್ನು ಕರೆದರು. ವಿದ್ಯಾರ್ಥಿಗಳು ಹೊರಬಂದ ಮೇಲೆ ಬೆಂಚಿನ ಬಗ್ಗೆ ಒಂದು ಗಂಟೆ ಮಾತನಾಡಿದರು: ಆಕೆಗೆ ಭಯವಿರಲಿಲ್ಲವೇ, ಬೆಂಚು ತೆಗೆದದ್ದು ಅಲ್ಲಿ ಮನೆಯಿಲ್ಲದವರು ಮಲಗುತ್ತಾರೆಂದೇ, ಅಷ್ಟು ಹೇಳಿದರೂ ಬೆಂಚು ಮರಳಿ ಬರದಿದ್ದರೆ ಈ ಮಾತಿನಿಂದ ಏನು ಫಲ? ಕೆಲವು ನಗರಸಭೆಗಳಿಗೆ ಆಗಸ್ಟಿನಲ್ಲಿ ಬಿಡುವಿರುತ್ತದೆ. ಹಾಗಿದ್ದರೆ ನ್ಯಾಯಾಲಯದ ಸಣ್ಣ ವ್ಯಾಜ್ಯಗಳ ವಿಚಾರಣೆಯೂ ಎಲ್ಲರಿಗೂ ತೆರೆದಿರುತ್ತದೆ.

ಮನೆಯಿಲ್ಲದ ಬಡವರನ್ನ ತೋರಿಸೋಕೆ ಮಕ್ಕಳನ್ನ ಕರೆದೊಯ್ಯೋದು ಸರೀನಾ?

ತೋರಿಸುವುದಕ್ಕಾಗಿ ಕರೆದೊಯ್ಯುವುದು ಖಂಡಿತ ಸರಿಯಲ್ಲ. ಆದರೆ ಸ್ಯಾನ್ ಫ್ರಾನ್ಸಿಸ್ಕೊದ ಯೂನಿಯನ್ ಸ್ಕ್ವೇರ್‌ನ ದುಬಾರಿ ಅಂಗಡಿಗಳಿಂದ, ಮನೆಯಿಲ್ಲದವರು ಹೆಚ್ಚಾಗಿರುವ ಟೆಂಡರ್‌ಲಾಯಿನ್ ಬಡಾವಣೆ ಕೆಲವೇ ಬೀದಿಗಳ ದೂರದಲ್ಲಿದೆ, ವಿದ್ಯಾರ್ಥಿಗಳು ಹೇಗೂ ಅದನ್ನು ದಾಟಿಯೇ ನಡೆಯುತ್ತಾರೆ. ವಿವರಣೆಯಿಲ್ಲದೆ ದಾಟಿದರೆ ಉಳಿಯುವುದು ಭಯ ಮತ್ತು ಅಸಹ್ಯ. ಅಲ್ಲಿನ ಗ್ಲೈಡ್ ಚರ್ಚಿನಂಥ ಕಡೆ ಉಚಿತ ಊಟ ಬಡಿಸುವ ಕೆಲಸಕ್ಕೆ ಮೊದಲೇ ಹೆಸರು ಕೊಟ್ಟು, ಏಪ್ರನ್ ತೊಟ್ಟು, ತಟ್ಟೆ ಕೈಗಿಟ್ಟು ನಮಸ್ಕಾರ ಹೇಳುವುದು ಬೇರೆಯೇ ಅನುಭವ. ಫೋಟೋ ತೆಗೆಯುವಂತಿಲ್ಲ. ಮರುದಿನದ ತರಗತಿಯಲ್ಲಿ ಬಾಡಿಗೆ, ಆರೋಗ್ಯ ವಿಮೆ, ಮಾನಸಿಕ ಕಾಯಿಲೆ, ಮಾದಕ ವಸ್ತುಗಳ ಬಗ್ಗೆ ಓದಿಸದಿದ್ದರೆ ಆ ಭೇಟಿಯನ್ನೇ ಕೈಬಿಡುವುದು ಲೇಸು.

## ಇನ್ನೂ ಆಳದ ಪ್ರಶ್ನೆಗಳು

ಅಮೆರಿಕದಲ್ಲಿ ಜಪಾನಿ ಮೂಲದವರನ್ನು ಸೆರೆಯಲ್ಲಿಟ್ಟಿದ್ದು ನಿಜವೇ? ನಮಗೆ ಇದನ್ನು ಯಾರೂ ಹೇಳಿರಲಿಲ್ಲ.

ನಿಜ. ಜಪಾನಿನೊಂದಿಗೆ ಯುದ್ಧ ನಡೆಯುತ್ತಿದ್ದ 1942ರ ಫೆಬ್ರುವರಿಯಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಹೊರಡಿಸಿದ 9066ನೆಯ ಆದೇಶದ ಆಧಾರದಲ್ಲಿ ಪಶ್ಚಿಮ ಕರಾವಳಿಯ ಸುಮಾರು 1 ಲಕ್ಷ 20 ಸಾವಿರ ಜಪಾನಿ ಮೂಲದವರನ್ನು ಮನೆ, ಹೊಲ, ಅಂಗಡಿ ಬಿಡಿಸಿ ಶಿಬಿರಗಳಲ್ಲಿ ಕೂಡಿಹಾಕಲಾಯಿತು. ಅವರಲ್ಲಿ ಹೆಚ್ಚಿನವರು ಅಮೆರಿಕದಲ್ಲೇ ಹುಟ್ಟಿದ ಪ್ರಜೆಗಳು. ಬೇ ಏರಿಯಾದವರನ್ನು ಮೊದಲು ಸ್ಯಾನ್ ಬ್ರೂನೋದ ಟ್ಯಾನ್‌ಫೋರಾನ್ ಕುದುರೆ ಪಂದ್ಯದ ಮೈದಾನಕ್ಕೆ ತಂದು, ಅನೇಕ ಕುಟುಂಬಗಳನ್ನು ಕುದುರೆ ಲಾಯಗಳಲ್ಲೇ ಇರಿಸಿ, ಬಳಿಕ ಯೂಟಾದ ಟೋಪಾಜ್ ಶಿಬಿರಕ್ಕೆ ಸಾಗಿಸಿದರು. ಈಗ ಆ ಕುದುರೆ ಮೈದಾನವಿದ್ದ ಕಡೆ ಬಾರ್ಟ್ ಎಂಬ ಸ್ಥಳೀಯ ರೈಲಿನ ನಿಲ್ದಾಣವಿದ್ದು, 2022ರಲ್ಲಿ ಸ್ಮಾರಕವೊಂದನ್ನು ನಿಲ್ಲಿಸಲಾಗಿದೆ. ವಿಮಾನ ನಿಲ್ದಾಣದಿಂದ ಬರುವಾಗಲೇ ಇಳಿದು ನೋಡಬಹುದು. ಆದೇಶವನ್ನು ಧಿಕ್ಕರಿಸಿದ ಓಕ್‌ಲ್ಯಾಂಡಿನ ಫ್ರೆಡ್ ಕೊರೆಮಾತ್ಸು 1944ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸೋತರು, 1983ರಲ್ಲಿ ಅವರ ಶಿಕ್ಷೆ ರದ್ದಾಯಿತು. 1988ರ ಕಾಯ್ದೆಯ ಮೂಲಕ ಸರ್ಕಾರ ಕ್ಷಮೆ ಕೇಳಿ, ಬದುಕುಳಿದಿದ್ದ ಪ್ರತಿಯೊಬ್ಬರಿಗೂ 20 ಸಾವಿರ ಡಾಲರ್ ಪರಿಹಾರ ಕೊಟ್ಟಿತು.

ಈ ಪಾಠದಲ್ಲಿ ನಮ್ಮ ಪಾಲೂ ಇದೆಯೆಂದು ಭಾರತೀಯ ಆತಿಥೇಯರಿಗೆ ತಿಳಿಸಲು ನಾನು ಮರೆಯುವುದಿಲ್ಲ. ಬರ್ಕ್ಲಿಯಲ್ಲಿ ಓದಿದ್ದ ತಕಾವೊ ಒಜಾವಾ ಬಿಳಿಯರಲ್ಲವೆಂಬ ಕಾರಣಕ್ಕೆ ಅವರಿಗೆ ಪೌರತ್ವವಿಲ್ಲವೆಂದು ಸುಪ್ರೀಂ ಕೋರ್ಟ್ 1922ರ ನವೆಂಬರಿನಲ್ಲಿ ಹೇಳಿತು. ಮೂರೇ ತಿಂಗಳಲ್ಲಿ, 1923ರ ಫೆಬ್ರುವರಿಯಲ್ಲಿ, ಪಂಜಾಬಿನ ಭಗತ್ ಸಿಂಗ್ ಥಿಂಡ್ ಅವರಿಗೂ ಅದೇ ಉತ್ತರ ದೊರೆಯಿತು. ಭಾರತೀಯರಿಗೆ ಪೌರತ್ವದ ಬಾಗಿಲು 1946ರಲ್ಲಿ, ಜಪಾನೀಯರಿಗೆ 1952ರಲ್ಲಿ ತೆರೆಯಿತು. ಕನ್ನಡದ ಮನೆಯ ಊಟದ ಮೇಜಿನಲ್ಲಿ ಜಪಾನಿನ ವಿದ್ಯಾರ್ಥಿಯೊಬ್ಬ ಈ ಎರಡು ತೀರ್ಪುಗಳನ್ನು ಜೊತೆಯಾಗಿ ಓದುವುದಕ್ಕೆ ಇರುವ ಅರ್ಥ ಯಾವ ಉಪನ್ಯಾಸಕ್ಕೂ ಬರಲಾರದು.

ಹಿರೋಷಿಮಾದ ಮಾತು ಬಂದರೆ ಏನು ಮಾಡಬೇಕು? ವಿಷಯ ತಪ್ಪಿಸೋದಾ?

ತಪ್ಪಿಸಬಾರದು, ಹಾಗೆಂದು ಮೊದಲ ವಾರದಲ್ಲಿ ಎತ್ತಲೂಬಾರದು. ಪರಸ್ಪರ ಪರಿಚಯವಾದ ನಂತರ, ಎರಡೂ ದೇಶದ ಶಾಲಾ ಪಠ್ಯಗಳಲ್ಲಿ 1941ರಿಂದ 1945ರ ವರೆಗಿನ ಘಟನೆಗಳನ್ನು ಹೇಗೆ ಹೇಳಲಾಗಿದೆ ಎಂದು ಅಕ್ಕಪಕ್ಕ ಇಟ್ಟು ಓದಿಸುವುದು ಒಳ್ಳೆಯ ದಾರಿ. ಗುಂಪಿನಲ್ಲಿ ಅಥವಾ ಆತಿಥೇಯರಲ್ಲಿ ಚೀನೀ, ಕೊರಿಯನ್, ಫಿಲಿಪಿನೋ ಮೂಲದವರಿದ್ದರೆ ಜಪಾನಿ ಸೇನೆಯ ಕೈಯಲ್ಲಿ ನೊಂದವರ ನೆನಪುಗಳೂ ಬರುತ್ತವೆ, ಅದಕ್ಕೆ ಅಧ್ಯಾಪಕರು ಸಿದ್ಧರಿರಬೇಕು. ಹತ್ತೊಂಬತ್ತು ವರ್ಷದ ಹುಡುಗನನ್ನು ಅವನ ದೇಶದ ವಕೀಲನನ್ನಾಗಿ ಕಟಕಟೆಯಲ್ಲಿ ನಿಲ್ಲಿಸಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ನಿಮ್ಮ ಅಜ್ಜ-ಅಜ್ಜಿ ಏನು ಹೇಳುತ್ತಿದ್ದರು ಎಂದು ಕೇಳಿದರೆ ಮಾತು ತಾನಾಗಿ ಹರಿಯುತ್ತದೆ.

ಕ್ಯಾಲಿಫೋರ್ನಿಯಾ ಒಂದನ್ನೇ ನೋಡಿ ಅಮೆರಿಕ ಅರ್ಥವಾಯ್ತು ಅಂತ ಹೇಳೋಕಾಗುತ್ತಾ?

ಹೇಳಲಾಗದು, ಹಾಗೆ ಹೇಳುವುದನ್ನು ತಡೆಯುವುದೂ ಕಾರ್ಯಕ್ರಮದ ಕೆಲಸವೇ. ಎರಡು ಗಂಟೆಯ ಪ್ರಯಾಣದಲ್ಲಿ ಸೆಂಟ್ರಲ್ ವ್ಯಾಲಿಯ ಬಾದಾಮಿ ತೋಟಗಳಿಗೆ ಹೋದರೆ ನೀರು, ಕೂಲಿ, ವಲಸೆ, ಚುನಾವಣೆ ಎಲ್ಲದರ ಬಗ್ಗೆ ಕರಾವಳಿಯವರಿಗಿಂತ ತೀರ ಭಿನ್ನವಾಗಿ ಯೋಚಿಸುವ ರೈತರು ಸಿಗುತ್ತಾರೆ. ಅತಿಥಿ ಉಪನ್ಯಾಸಕರನ್ನು ಆರಿಸುವಾಗ ನಮ್ಮ ರಾಜಕೀಯಕ್ಕೆ ಒಪ್ಪುವವರನ್ನೇ ಕರೆಯುವ ಆಸೆ ಎಲ್ಲರಿಗೂ ಇರುತ್ತದೆ. ಒಪ್ಪದವರನ್ನೂ ಕರೆದು, ಅವರು ಮಾತು ಮುಗಿಸುವವರೆಗೆ ಸುಮ್ಮನಿರುವುದು ನಮ್ಮ ಕರ್ತವ್ಯ.

ಕೊನೆಗೆ ಏನು ಕಲಿತರು ಅಂತ ಅಳೆಯೋದು ಹೇಗೆ? ಟೊಯಿಕ್ ಪರೀಕ್ಷೆ ಕೊಟ್ಟರೆ ಗೊತ್ತಾಗಲ್ವಾ?

ಟೊಯಿಕ್ ಎಂಬ ಇಂಗ್ಲಿಷ್ ಭಾಷಾ ಪರೀಕ್ಷೆಯ ಅಂಕ ಮೂರು ವಾರದಲ್ಲಿ ಹೆಚ್ಚುಕಡಿಮೆಯಾದರೆ ಅದರಿಂದ ಯಾವ ತೀರ್ಮಾನಕ್ಕೂ ಬರಲಾಗದು. ನಾವು ಪ್ರತಿ ಶುಕ್ರವಾರ ವಿದ್ಯಾರ್ಥಿಗಳಿಂದ ಉತ್ತರಗಳ ಬದಲು ಪ್ರಶ್ನೆಗಳನ್ನು ಬರೆಸುತ್ತೇವೆ. ಮೊದಲ ಶುಕ್ರವಾರ ಬರುವುದು "ಅಮೆರಿಕನ್ನರು ಏಕೆ ಇಷ್ಟು ದೊಡ್ಡ ಕಾರು ಓಡಿಸುತ್ತಾರೆ" ಎಂಬಂಥವು. ಕೊನೆಯ ಶುಕ್ರವಾರದ ಹಾಳೆಯಲ್ಲಿ, ಈ ಊರಿನ ಶಾಲೆಯಲ್ಲಿ ಪಾಠ ಹೇಳುವ ಶಿಕ್ಷಕಿಗೆ ತನ್ನ ಸಂಬಳದಲ್ಲಿ ಇದೇ ಊರಿನಲ್ಲಿ ಮನೆ ಮಾಡಲು ಸಾಧ್ಯವೇ, ಸಾಧ್ಯವಿಲ್ಲದಿದ್ದರೆ ಮುಂಜಾನೆ ಎಷ್ಟು ಗಂಟೆಗೆ ಎದ್ದು ಎಲ್ಲಿಂದ ಬರುತ್ತಾಳೆ, ಟೋಕಿಯೋದ ಶಿಕ್ಷಕಿ ಎಲ್ಲಿ ವಾಸಿಸುತ್ತಾಳೆ ಎಂದು ಒಬ್ಬಳು ಬರೆದಿದ್ದಳು. ಎರಡು ಹಾಳೆಗಳನ್ನು ಪಕ್ಕಪಕ್ಕ ಇಟ್ಟರೆ ಬೇರೆ ಪರೀಕ್ಷೆ ಬೇಕಾಗುವುದಿಲ್ಲ. ಜಪಾನಿನ ಎರಡನೆಯ ಅವಧಿ ಮುಗಿಯುವ ಫೆಬ್ರುವರಿಯಲ್ಲಿ ಅದೇ ಹಾಳೆಯನ್ನು ಮತ್ತೊಮ್ಮೆ ಕಳುಹಿಸಿ, ಬರೆದ ಪ್ರಶ್ನೆಗಳಲ್ಲಿ ಯಾವುದನ್ನು ತಮ್ಮ ಊರಿನಲ್ಲಿ ಯಾರಿಗಾದರೂ ಕೇಳಿದಿರಿ ಎಂದು ವಿಚಾರಿಸುವುದನ್ನು ಕಾರ್ಯಕ್ರಮದ ವೇಳಾಪಟ್ಟಿಯಲ್ಲಿಯೇ ಸೇರಿಸಿಕೊಳ್ಳಬೇಕು.